ಡಬ್ಬಿ ಡಿಫ್ಯೂಸರ್ ಕೈಕೊಟ್ಟರೆ: ಸೈಕಲ್ ಗುಂಡಿನಲ್ಲಿ ದೋಷ ಹುಡುಕುವ ಬಗೆ

ಗಂಗಾವತಿ ಹತ್ತಿರ, ಕಾಲುವೆ ಪಕ್ಕದ ಗದ್ದೆ. ಪರಿಚಯದ ರೈತರೊಬ್ಬರು ಭತ್ತದ ಬುಡ ಬಗ್ಗಿಸಿ ತೋರಿಸಿದರು. ಮೂರ್ನಾಲ್ಕು ಮಿ.ಮೀ. ಉದ್ದದ ಹುಳು, ನೀರಿಗಿಂತ ಸ್ವಲ್ಪ ಮೇಲೆ ಸಾಲಾಗಿ ಕೂತಿತ್ತು. "ಇದು ಕಂದು ಜಿಗಿ ಹುಳನೋ, ಬಿಳಿ ಬೆನ್ನಿಂದೋ? ನಿನ್ನ ಕ್ಯಾಮೆರಾದಾಗ ದೊಡ್ಡದು ಮಾಡಿ ನೋಡಪಾ" ಅಂದರು. ತೆಗೆದೆ. ಬೆನ್ನ ಮೇಲೆ ಬೆಳ್ಳನೆ ಪಟ್ಟೆ ಕಂಡಿತು. "ಬಿಳಿ ಬೆನ್ನಿಂದೇ ಅಣ್ಣಾ" ಅಂತ ಜಂಬದಿಂದ ಹೇಳಿ ಬಂದೆ. ಮನೆಯಲ್ಲಿ ಕಂಪ್ಯೂಟರ್‌ಗೆ ಹಾಕಿ ನೋಡಿದರೆ ಅದೇ ಬಿಳಿ ಪಟ್ಟೆ ಭತ್ತದ ಎಲೆಯ ಮೇಲೂ ಇತ್ತು, ಪಕ್ಕದ ನೀರಿನ ಹನಿಯ ಮೇಲೂ ಇತ್ತು. ಹುಳುವಿನ ಬಣ್ಣವಲ್ಲ ಅದು. ನನ್ನ ಫ್ಲ್ಯಾಶ್‌ನ ಹೊಳಪು.

ಡಿಫ್ಯೂಸರ್, ಅಂದರೆ ಫ್ಲ್ಯಾಶ್ ಬೆಳಕನ್ನು ಹರಡಿ ಮೆತ್ತಗೆ ಮಾಡುವ ಮುಸುಕು, ಇಲ್ಲದೆ ಹೀಗಾಗಿದ್ದರೆ ಬೇಜಾರಿರಲಿಲ್ಲ. ಡಿಫ್ಯೂಸರ್ ಇತ್ತು! ಒಂದು ಕೆಜಿ ಮೊಸರಿನ ಡಬ್ಬಿ ಕತ್ತರಿಸಿ, ಎರಡು ರಾತ್ರಿ ಕೂತು ಮಾಡಿದ್ದು. ಅದನ್ನು ಬಿಸಾಡಿ ಐಸ್‌ಕ್ರೀಮ್ ಡಬ್ಬಿಯದ್ದು ಮಾಡಿದೆ. ಅದೂ ಹಾಗೇ. ಮೂರನೆಯದನ್ನು ಹಾಲಿನ ಪ್ಯಾಕೆಟ್ ತೊಳೆದು ಒಳಗಿನ ಬಿಳಿ ಬದಿ ಹೊರಗೆ ಮಾಡಿ ಕಟ್ಟಿದೆ. ಹಾಗೇ. ಆಮೇಲೆ ಗೊತ್ತಾಯಿತು, ಮೂರು ಡಬ್ಬಿಗಳದ್ದೂ ತಪ್ಪಿರಲಿಲ್ಲ. ತಪ್ಪು ಫ್ಲ್ಯಾಶ್‌ನ ತಲೆಯೊಳಗಿತ್ತು. ಅದಕ್ಕೇ ಹೇಳುವುದು: ಹೊಸ ಡಬ್ಬಿ ಕತ್ತರಿಸುವ ಮೊದಲು ದೋಷ ಎಲ್ಲಿದೆ ಅಂತ ಕಣ್ಣಾರೆ ನೋಡಿ. ನೋಡುವುದಕ್ಕೆ ಬೇಕಾದ ಸಾಮಾನು ಸೈಕಲ್ ಶಾಪ್‌ನಲ್ಲಿ ಸಿಗುತ್ತದೆ.

ಈಗ ನಾನು ಬಳಸುವುದು ನಾಲ್ಕನೆಯದು. ಕಪ್ಪು ಚಾರ್ಟ್ ಪೇಪರನ್ನು ಲಾಳಿಕೆಯ ಹಾಗೆ ಸುತ್ತಿ, ಒಳಗೆ ರೊಟ್ಟಿ ಕಟ್ಟುವ ಫಾಯಿಲ್ ಅಂಟಿಸಿ, ಅಗಲ ಬಾಯಿಗೆ ಟಿವಿ ಪ್ಯಾಕಿಂಗ್‌ನ ತೆಳು ಬಿಳಿ ಫೋಮ್ ಹೊದಿಸಿದ್ದು. ಬಾಯಿಯ ಅಗಲ 18 ಸೆಂ.ಮೀ. ಮುಂದೆ ಹೇಳುವುದೆಲ್ಲ ಇಂಥದ್ದನ್ನು ಕಣ್ಣ ಮುಂದೆ ಇಟ್ಟುಕೊಂಡೇ. ನಿಮ್ಮದು ಬೇರೆ ಆಕಾರದ್ದಿದ್ದರೂ ಲೆಕ್ಕ ಅದೇ.

ಮೊದಲು ಒಂದು ಕಪ್ಪು ಫೋಟೋ

ಕ್ಯಾಮೆರಾ ಮ್ಯಾನುವಲ್‌ಗೆ ಹಾಕಿ. ಶಟರ್ 1/160 ಸೆಕೆಂಡ್, ಅಪರ್ಚರ್ (ಲೆನ್ಸ್‌ನ ಕಿಂಡಿ; ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು) ಎಫ್ 11, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200. ಫ್ಲ್ಯಾಶ್ ಆಫ್ ಮಾಡಿ, ನೆರಳಿನಲ್ಲಿ ಒಂದು ಎಲೆಯ ಫೋಟೋ ತೆಗೆಯಿರಿ. ಚಿತ್ರ ಹೆಚ್ಚು ಕಡಿಮೆ ಕಪ್ಪಾಗಿ ಬರಬೇಕು. ಬಂದರೆ ಸರಿ, ಇನ್ನು ಫೋಟೋದಲ್ಲಿ ಕಾಣುವ ಬೆಳಕೆಲ್ಲ ಫ್ಲ್ಯಾಶ್‌ನದೇ. ಎಲೆ ಚೆನ್ನಾಗಿಯೇ ಕಾಣುತ್ತಿದ್ದರೆ ಬಿಸಿಲೂ ಒಳಗೆ ಬರುತ್ತಿದೆ ಅಂತ ಅರ್ಥ. ಆಗ ಎರಡು ಬೆಳಕು ಕಲಸಿಹೋಗುತ್ತವೆ. ಹುಳು ಅಲುಗಾಡಿದರೆ ಒಂದು ಚೂಪಾದ ಹುಳು, ಅದರ ಪಕ್ಕ ಒಂದು ದೆವ್ವದಂಥ ಹುಳು ಬರುತ್ತದೆ. ಜನ ಇದನ್ನೂ ಡಿಫ್ಯೂಸರ್ ತಪ್ಪು ಅಂದುಕೊಳ್ಳುತ್ತಾರೆ. ಐಎಸ್‌ಒ ಇಳಿಸಿ, ಇಲ್ಲವೇ ಕೊಡೆ ಹಿಡಿಸಿ.

ಶಟರ್ ಏರಿಸುವುದಕ್ಕೂ ಒಂದು ಮಿತಿ ಇದೆ. ಬಹಳಷ್ಟು ಕ್ಯಾಮೆರಾಗಳಲ್ಲಿ ಅದು 1/160 ರಿಂದ 1/250 ರ ಒಳಗೆ. ಅದನ್ನು ದಾಟಿದರೆ ಚಿತ್ರದ ಒಂದು ಅಂಚಿನಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ನೇರ ಗೆರೆ ಎಳೆದ ಹಾಗೆ ಅಂಚಿದ್ದರೆ ಅದು ಶಟರ್ ಪರದೆಯ ನೆರಳು. ಡಬ್ಬಿಯ ಅಂಚಿನದಲ್ಲ.

ಗುಂಡು ಹೇಳುವ ಕಥೆ

ಸೈಕಲ್ ಶಾಪ್‌ಗೆ ಹೋಗಿ ಹಿಂದಿನ ಚಕ್ರದ ಬೇರಿಂಗ್ ಗುಂಡು ಒಂದು ಕೇಳಿದೆ. ಕಾಲು ಇಂಚಿನದು.

"ಒಂದ ಗುಂಡು ತಗೊಂಡು ಏನ್ ಮಾಡ್ತಿ ತಮ್ಮಾ?"

"ಫೋಟೋ ತೆಗೀಬೇಕ್ರಿ ಕಾಕಾ."

"ಗುಂಡಿಂದಾ?" ಅಂತ ನನ್ನನ್ನೇ ಒಂದು ಸಲ ನೋಡಿ, ಸೀಮೆಎಣ್ಣೆ ಬಟ್ಟಲಿನಿಂದ ಎರಡು ಗುಂಡು ಎತ್ತಿ, ಒರೆಸಿ ಕೊಟ್ಟರು. ದುಡ್ಡು ತಗೊಳ್ಳಲಿಲ್ಲ.

ಗುಂಡು ಯಾಕೆ ಅಂದರೆ ಅದೊಂದು ಉಬ್ಬು ಕನ್ನಡಿ. ಮುಂದಿರುವುದೆಲ್ಲ ಅದರಲ್ಲಿ ಚಿಕ್ಕದಾಗಿ ಕಾಣುತ್ತದೆ. ನಿಮ್ಮ ಡಿಫ್ಯೂಸರ್ ಹುಳುವಿನ ಕಣ್ಣಿಗೆ ಹೇಗೆ ಕಾಣುತ್ತದೋ ಹಾಗೇ ಅದರಲ್ಲಿ ಮೂಡುತ್ತದೆ. ಜಿಗಿಯುವ ಜೇಡದ ಕಣ್ಣು, ಗುಲಗಂಜಿ ಹುಳುವಿನ ಬೆನ್ನು, ಗೊದ್ದದ ತಲೆ, ಇವೆಲ್ಲ ಇಂಥ ಗುಂಡುಗಳೇ ಅಲ್ವಾ?

ಗುಂಡನ್ನು ಒಂದು ಚೂರು ಚಪಾತಿ ಹಿಟ್ಟಿನ ಮೇಲೆ ಕೂರಿಸಿ. ಹುಳು ತೆಗೆಯುವಷ್ಟೇ ಹತ್ತಿರ ಹೋಗಿ, ಡಿಫ್ಯೂಸರ್ ಹಾಕಿಕೊಂಡು ಕ್ಲಿಕ್ ಮಾಡಿ. ಇಲ್ಲಿ ಎಲ್ಲರೂ ಒಂದು ತಪ್ಪು ಮಾಡುತ್ತಾರೆ. ನಾನೂ ಮಾಡಿದ್ದೆ. ಎಂದಿನ ಪವರ್‌ನಲ್ಲಿ ತೆಗೆದರೆ ಗುಂಡಿನೊಳಗಿನ ಬೆಳಕಿನ ಚಿತ್ರ ಪೂರ್ತಿ ಬೆಳ್ಳಗೆ ಸುಟ್ಟುಹೋಗಿರುತ್ತದೆ, ಏನೂ ತಿಳಿಯುವುದಿಲ್ಲ. ಫ್ಲ್ಯಾಶ್ ಪವರ್ 1/64 ಕ್ಕೆ, ಐಎಸ್‌ಒ 100 ಕ್ಕೆ ಇಳಿಸಿ. ಗುಂಡು ಕಪ್ಪಾಗಿ, ಡಿಫ್ಯೂಸರ್ ಮಾತ್ರ ಬೂದು ಬಣ್ಣದಲ್ಲಿ ಕಾಣುವವರೆಗೂ ಇಳಿಸುತ್ತಾ ಹೋಗಿ. ಈಗ ದೊಡ್ಡದು ಮಾಡಿ ನೋಡಿ.

ನನಗೆ ಮೊದಲ ಸಲ ಕಂಡದ್ದು ಇದು. ಮೊಸರಿನ ಡಬ್ಬಿಯ ಬಾಯಿ ಮಬ್ಬಾಗಿ, ಇದೆಯೋ ಇಲ್ಲವೋ ಅನ್ನುವ ಹಾಗೆ. ಅದರ ಮಧ್ಯದಲ್ಲಿ ಅಕ್ಕಿ ಕಾಳಿನಂಥ ಒಂದು ಬಿಳಿ ಚುಕ್ಕೆ, ಕಣ್ಣು ಕುಕ್ಕುವಷ್ಟು ಉರಿಯುತ್ತಿತ್ತು. ಅಂದರೆ ನನ್ನ ದೊಡ್ಡ ಡಬ್ಬಿಯಲ್ಲಿ ಕೆಲಸ ಮಾಡುತ್ತಿದ್ದುದು ಒಂದು ರೂಪಾಯಿ ಬಿಲ್ಲೆಯಷ್ಟು ಜಾಗ. ಉಳಿದದ್ದೆಲ್ಲ ಬರೀ ಶೋಕಿ.

ಮಧ್ಯದಲ್ಲಿ ಚುಕ್ಕೆ ಉರಿಯುತ್ತಿದ್ದರೆ

ಫ್ಲ್ಯಾಶ್‌ನ ಹಿಂದಿನ ಪರದೆಯಲ್ಲಿ "ಜೂಮ್" ಅಂತ ಒಂದು ಅಂಕಿ ಇರುತ್ತದೆ, ನೋಡಿ. ಕ್ಯಾಮೆರಾದ ಮೇಲೆ ಕೂರುವ ಹಲವು ಫ್ಲ್ಯಾಶ್‌ಗಳು ಲೆನ್ಸ್ ಯಾವುದು ಅಂತ ಕ್ಯಾಮೆರಾದಿಂದ ತಿಳಿದುಕೊಂಡು, ಒಳಗಿನ ಬಲ್ಬನ್ನು ತಾವೇ ಹಿಂದೆ ಮುಂದೆ ಸರಿಸಿಕೊಳ್ಳುತ್ತವೆ. ಸಣ್ಣದನ್ನು ಹತ್ತಿರದಿಂದ ತೆಗೆಯುವ 100 ಮಿ.ಮೀ. ಮ್ಯಾಕ್ರೋ ಲೆನ್ಸ್ ಹಾಕಿದರೆ ಅದಕ್ಕೆ ಅನಿಸುವುದು "ಓ, ದೂರದ್ದೇನೋ ತೆಗೆಯುತ್ತಿದ್ದಾರೆ" ಅಂತ. ಜೂಮ್ 105 ಕ್ಕೆ ಹೋಗುತ್ತದೆ, ಬೆಳಕನ್ನು ಟಾರ್ಚ್‌ನ ಹಾಗೆ ಒಟ್ಟುಗೂಡಿಸಿ ನೇರ ಎಸೆಯುತ್ತದೆ. ಮುಂದೆ 15 ಸೆಂ.ಮೀ. ದೂರದಲ್ಲಿ ಮೊಸರಿನ ಡಬ್ಬಿ ಕಟ್ಟಿರುವುದು ಪಾಪ, ಅದಕ್ಕೇನು ಗೊತ್ತು? ನನ್ನ ಮೂರು ಡಬ್ಬಿಗಳನ್ನು ಕಸಕ್ಕೆ ಕಳಿಸಿದ್ದು ಈ 105.

ಜೂಮ್ ಮ್ಯಾನುವಲ್‌ಗೆ ಹಾಕಿ 24 ಕ್ಕೆ ಇಳಿಸಿ. ಇನ್ನೂ ಒಳ್ಳೆಯದು ಅಂದರೆ, ಹಲವು ಫ್ಲ್ಯಾಶ್‌ಗಳ ತಲೆಯ ಮೇಲ್ಭಾಗದಲ್ಲಿ ಗೆರೆಗೆರೆಯಾದ ಒಂದು ಪಾರದರ್ಶಕ ಫಲಕ ಅಡಗಿರುತ್ತದೆ. ಉಗುರಿನಿಂದ ಎಳೆದರೆ ಬರುತ್ತದೆ. ಅದರ ಜೊತೆ ಒಂದು ಬಿಳಿ ಕಾರ್ಡ್ ಕೂಡ ಬರುತ್ತದೆ, ಕಾರ್ಡನ್ನು ಒಳಗೆ ತಳ್ಳಿ ಫಲಕವನ್ನು ಮಾತ್ರ ಬಲ್ಬಿನ ಮುಂದೆ ಮಡಚಿ. ಬೆಳಕು ಅಗಲಕ್ಕೆ ಚೆಲ್ಲುತ್ತದೆ. ಮತ್ತೆ ಗುಂಡಿನ ಫೋಟೋ ತೆಗೆಯಿರಿ. ನನಗೆ ಇದೊಂದರಿಂದಲೇ ಅಕ್ಕಿ ಕಾಳು ಹೋಗಿ ಅಂಗೈ ಅಗಲದ ಬೆಳಕು ಬಂತು. ಖರ್ಚು ಸೊನ್ನೆ. ಆವತ್ತು ರಾತ್ರಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಮೂರು ಡಬ್ಬಿಗಳನ್ನೂ ನೆನೆಸಿಕೊಂಡೆ.

ಅದಾದ ಮೇಲೂ ಮಧ್ಯ ಸ್ವಲ್ಪ ಜಾಸ್ತಿ ಬೆಳಗುತ್ತಿದ್ದರೆ ಪದರದ ಆಟ ಆಡಬೇಕು. ಮುಂದಿನ ಫೋಮ್‌ಗೇ ಇನ್ನೊಂದು ಫೋಮ್ ಅಂಟಿಸಿದರೆ ಇಡೀ ಬೆಳಕು ಕಡಿಮೆಯಾಗುತ್ತದೆ, ಆದರೆ ಚುಕ್ಕೆ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಎರಡು ಪದರಗಳ ನಡುವೆ ಖಾಲಿ ಜಾಗ ಬೇಕು. ಲಾಳಿಕೆಯ ಒಳಗೆ, ಫ್ಲ್ಯಾಶ್ ತಲೆಯಿಂದ ಮೂರ್ನಾಲ್ಕು ಸೆಂ.ಮೀ. ಮುಂದೆ, ಬಟರ್ ಪೇಪರ್‌ನ ಒಂದು ತುಂಡನ್ನು ಅಡ್ಡ ಕಟ್ಟಿ. ಮೊದಲ ಪದರ ಬೆಳಕನ್ನು ಚೆಲ್ಲುತ್ತದೆ. ಚೆಲ್ಲಿದ್ದು ಹರಡಿಕೊಳ್ಳಲು ಜಾಗ ಸಿಗುತ್ತದೆ. ಎರಡನೆಯದು ಹರಡಿದ್ದನ್ನೇ ಮತ್ತೆ ಚೆಲ್ಲುತ್ತದೆ.

ಒಂದು ಎಚ್ಚರಿಕೆ. ಪೇಪರ್ ಫ್ಲ್ಯಾಶ್‌ನ ಗಾಜಿಗೆ ತಾಗಬಾರದು. ಫುಲ್ ಪವರ್‌ನಲ್ಲಿ ಮೇಲಿಂದ ಮೇಲೆ ಹೊಡೆದರೆ ಅಲ್ಲಿ ಒಳ್ಳೆಯ ಶಾಖ ಇರುತ್ತದೆ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ತಣ್ಣಗಾಗಲು ಬಿಡಿ.

ಚುಕ್ಕೆ ಇಲ್ಲ, ಆದರೂ ಹೊಳಪು ಬಿರುಸು

ಗುಂಡಿನಲ್ಲಿ ಡಿಫ್ಯೂಸರ್ ಸಮನಾಗಿ ಬೆಳಗುತ್ತಿದೆ. ಆದರೆ ಚಿತ್ರ ಚಿಕ್ಕದು, ಗುಂಡಿನ ಒಂದು ಮೂಲೆಯಲ್ಲಿ ಬಟಾಣಿಯ ಹಾಗೆ. ಇದು ವಸ್ತುವಿನ ದೋಷವಲ್ಲ, ದೂರದ ದೋಷ. ಮೇ ತಿಂಗಳ ನಡು ಮಧ್ಯಾಹ್ನದ ಸೂರ್ಯ ಎಷ್ಟು ದೊಡ್ಡವನು! ಆದರೂ ಅಷ್ಟು ದೂರದಿಂದ ಬಿಲ್ಲೆಯಷ್ಟೇ ಕಾಣುತ್ತಾನೆ, ಅದಕ್ಕೇ ನೆರಳು ಕತ್ತರಿಸಿದ ಹಾಗೆ ಬೀಳುತ್ತದೆ. 18 ಸೆಂ.ಮೀ. ಅಗಲದ ಫೋಮ್ ಹುಳುವಿನಿಂದ 30 ಸೆಂ.ಮೀ. ಹಿಂದಿದ್ದರೆ ಅದೂ ಹುಳುವಿಗೆ ಒಂದು ಸಣ್ಣ ಕಿಟಕಿ. ಅದನ್ನೇ 10 ಸೆಂ.ಮೀ. ಹತ್ತಿರ ತಂದರೆ ತಲೆಯ ಮೇಲೆ ಚಪ್ಪರ ಹಾಕಿದ ಹಾಗೆ.

ಆದ್ದರಿಂದ ಡಿಫ್ಯೂಸರ್‌ನ ಬಾಯಿ ಲೆನ್ಸ್‌ನ ಮೂತಿಯವರೆಗೆ ಬರಲೇಬೇಕು, ಸ್ವಲ್ಪ ಮುಂದೆ ಬಾಗಿದ್ದರೆ ಇನ್ನೂ ಚೆಂದ. ಇಲ್ಲಿ ನಿಮ್ಮ ಲೆನ್ಸ್ ಯಾವುದು ಅನ್ನುವುದು ಮುಖ್ಯ. 100 ಮಿ.ಮೀ. ಮ್ಯಾಕ್ರೋ ಲೆನ್ಸ್‌ನಲ್ಲಿ 1:1 ಅಳತೆಗೆ (ಸೆನ್ಸರ್ ಮೇಲೆ ಹುಳು ತನ್ನ ನಿಜ ಗಾತ್ರದಲ್ಲೇ ಮೂಡುವಷ್ಟು ಹತ್ತಿರ) ಹೋದಾಗ ಲೆನ್ಸ್‌ನ ಮೂತಿಗೂ ಹುಳುವಿಗೂ ಸುಮಾರು 14 ಸೆಂ.ಮೀ. ಇರುತ್ತದೆ. ರೇನಾಕ್ಸ್ 250 ರಂಥ ಕ್ಲೋಸಪ್ ಲೆನ್ಸ್ ಸಿಕ್ಕಿಸಿದರೆ 12 ಸೆಂ.ಮೀ. ಆಸುಪಾಸು. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸನ್ನು ಹಿಂದುಮುಂದಾಗಿ ತಿರುಗಿಸಿ ಹಾಕಿಕೊಳ್ಳುವವರಿಗೆ ಇದಕ್ಕಿಂತ ಬಹಳ ಕಡಿಮೆ. ಗೆಳೆಯನ ಅಳತೆಗೆ ಮಾಡಿದ ಡಿಫ್ಯೂಸರ್ ನಿಮ್ಮ ಲೆನ್ಸ್‌ಗೆ ಕೂರದಿರುವುದು ಇದಕ್ಕೇ. ಹುಳುವನ್ನು ಫೋಕಸ್ ಮಾಡಿಕೊಂಡು, ಯಾರಿಗಾದರೂ ಸ್ಕೇಲ್ ಹಿಡಿಯಲು ಹೇಳಿ. ಆಮೇಲೆ ಕತ್ತರಿ ಎತ್ತಿ.

ಗುಂಡಿನಲ್ಲಿ ಬೆಳಕಿನ ಚಿತ್ರ ಕೆಳಗಿನಿಂದ ಅರ್ಧ ಕಚ್ಚಿದ ಹಾಗೆ ಕಂಡರೆ ಲೆನ್ಸ್ ಹುಡ್ (ಲೆನ್ಸ್ ಮೂತಿಯ ಮುಂದಿನ ಬಳೆ) ಬೆಳಕಿಗೆ ಅಡ್ಡ ಬರುತ್ತಿದೆ, ಬಿಚ್ಚಿಡಿ. ಅಷ್ಟೇ.

ಫೋಟೋನೇ ಕತ್ತಲು

ಡಿಫ್ಯೂಸರ್ ಹಾಕಿದರೆ ಬೆಳಕು ಕಡಿಮೆಯಾಗುವುದು ಸಹಜ. ನನ್ನದರಲ್ಲಿ ಫ್ಲ್ಯಾಶ್ ಪವರ್ 1/8 ಇದ್ದದ್ದು 1/2 ಕ್ಕೆ ಏರಿಸಬೇಕಾಗುತ್ತದೆ, ಅಂದರೆ ಎರಡು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಎರಡು ಪಟ್ಟು). ಅದರ ಜೊತೆ ಇನ್ನೊಂದು ಕಳ್ಳ ಇದ್ದಾನೆ. 1:1 ಹತ್ತಿರಕ್ಕೆ ಹೋದಾಗ ಎಫ್ 11 ಅಂತ ಇಟ್ಟಿದ್ದರೂ ಬೆಳಕಿನ ಲೆಕ್ಕದಲ್ಲಿ ಅದು ಎಫ್ 22 ರಷ್ಟೇ ಕೆಲಸ ಮಾಡುತ್ತದೆ. ಅಲ್ಲೂ ಎರಡು ಸ್ಟಾಪ್ ಹೋಯಿತು. ಡಿಫ್ಯೂಸರ್ ಬೈಯುವ ಮೊದಲು ಎಫ್ 8 ಕ್ಕೆ ಬಂದು, ಐಎಸ್‌ಒ 400 ಮಾಡಿ ನೋಡಿ. ಎರಡೂ ಸೇರಿ ಸುಮಾರು ನಾಲ್ಕು ಪಟ್ಟು ಬೆಳಕು ವಾಪಸ್ ಬರುತ್ತದೆ, ಫ್ಲ್ಯಾಶ್ ಏದುಸಿರು ಬಿಡುವುದೂ ತಪ್ಪುತ್ತದೆ. ಇದಾದ ಮೇಲೆ ಆ ಕಪ್ಪು ಫೋಟೋ ಪರೀಕ್ಷೆ ಇನ್ನೊಮ್ಮೆ ಮಾಡಿಕೊಳ್ಳಿ.

ಒಂದು ಫೋಟೋ ಸರಿ, ಮುಂದಿನದು ಕತ್ತಲು, ಮತ್ತೊಂದು ಸರಿ. ಇದು ಸೆಲ್‌ಗಳ ಕಥೆ. ಫ್ಲ್ಯಾಶ್ ತುಂಬಿಕೊಳ್ಳುವ ಮೊದಲೇ ನೀವು ಒತ್ತುತ್ತಿದ್ದೀರಿ. ರೆಡಿ ದೀಪ ಬರುವವರೆಗೆ ಕಾಯಿರಿ. ಕಾಯುವುದೇ ಬಹಳ ಹೊತ್ತಾಗುತ್ತಿದ್ದರೆ ನಾಲ್ಕೂ ಸೆಲ್ ಒಟ್ಟಿಗೆ ಬದಲಿಸಿ. ಹಳೆಯದು ಎರಡು, ಹೊಸದು ಎರಡು ಹಾಕುವ ಜುಗ್ಗತನ ಬೇಡ.

ಫ್ಲ್ಯಾಶ್ ಹೊಡೆಯುವುದೇ ಇಲ್ಲವಾದರೆ ಮಿರರ್‌ಲೆಸ್ ಕ್ಯಾಮೆರಾದವರು ಸೈಲೆಂಟ್ ಶಟರ್ ಆನ್ ಆಗಿದೆಯಾ ನೋಡಿ. ಸಾಮಾನ್ಯವಾಗಿ ಅದು ಆನ್ ಇದ್ದಾಗ ಫ್ಲ್ಯಾಶ್ ಕೆಲಸ ಮಾಡುವುದಿಲ್ಲ. ಅದಲ್ಲದಿದ್ದರೆ ಫ್ಲ್ಯಾಶ್‌ನ ಕಾಲು ಪೂರ್ತಿ ಒಳಗೆ ಕೂತಿದೆಯಾ, ಅದರಡಿಯ ಪಿನ್‌ಗಳ ಮೇಲೆ ಧೂಳಿದೆಯಾ ನೋಡಿ. ಮುಂದೆ ಭಾರದ ಡಬ್ಬಿ ಕಟ್ಟಿದಾಗ ಅದರ ತೂಕಕ್ಕೆ ಫ್ಲ್ಯಾಶ್ ಮುಂದಕ್ಕೆ ವಾಲಿ ಪಿನ್ ತಪ್ಪುವುದುಂಟು. ಇವೆಲ್ಲ ಸರಿ ಇದ್ದೂ ಹೊಡೆಯದಿದ್ದರೆ ರಿಪೇರಿಯವರಿಗೆ ಕೊಡಿ. ನೀವೇ ಸ್ಕ್ರೂಡ್ರೈವರ್ ಹಿಡಿದು ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತದೆ. ಸೆಲ್ ತೆಗೆದ ಮೇಲೂ ಅದು ಅಲ್ಲೇ ಕೂತಿರುತ್ತದೆ.

ಟಿಟಿಎಲ್‌ನಲ್ಲಿ, ಅಂದರೆ ಫ್ಲ್ಯಾಶ್ ಎಷ್ಟು ಹೊಡೆಯಬೇಕು ಅಂತ ಕ್ಯಾಮೆರಾವೇ ಅಳೆದು ತೀರ್ಮಾನಿಸುವ ಹಾಗೆ ಬಿಟ್ಟು, ತೆಗೆಯುವವರಿಗೆ ಒಂದು ಮಾತು. ಹತ್ತಿಯ ಮೇಲಿನ ಹಿಟ್ಟು ತಿಗಣೆ ಚೌಕಟ್ಟು ತುಂಬಿದರೆ ಕ್ಯಾಮೆರಾ ಅದನ್ನು ಬೂದು ಮಾಡಿಬಿಡುತ್ತದೆ, ಫ್ಲ್ಯಾಶ್ ಸರಿದೂಗಿಕೆ ಒಂದು ಏರಿಸಿ. ಕರಿ ಗೊದ್ದ ತುಂಬಿದರೆ ಒಂದು ಇಳಿಸಿ. ಡಿಫ್ಯೂಸರ್‌ಗೂ ಇದಕ್ಕೂ ಸಂಬಂಧವಿಲ್ಲ.

ಬಣ್ಣ ಕೆಟ್ಟರೆ

ಸಂಡೂರು ಬೆಟ್ಟದ ಕಡೆ ಎರಡು ದಿನ ಸುತ್ತಿ ಬಂದ ಮೇಲೆ ನನ್ನ ಫೋಟೋಗಳೆಲ್ಲ ಒಂಥರಾ ಬೆಚ್ಚಗೆ ಬರತೊಡಗಿದವು. ವೈಟ್ ಬ್ಯಾಲೆನ್ಸ್ ಫ್ಲ್ಯಾಶ್ ಚಿಹ್ನೆಯ ಮೇಲೇ ಇತ್ತು. ಸೆಟ್ಟಿಂಗ್ ಎಲ್ಲ ಎರಡೆರಡು ಸಲ ನೋಡಿದೆ. ಕೊನೆಗೆ ಬಿಳಿ ಎ4 ಹಾಳೆಯನ್ನು ಡಿಫ್ಯೂಸರ್ ಇಟ್ಟು ಒಂದು, ತೆಗೆದು ಒಂದು ಫೋಟೋ ಹೊಡೆದೆ. ಇಟ್ಟದ್ದು ಕೆಂಪಿಗೆ ತಿರುಗಿತ್ತು. ಫೋಮನ್ನು ಹೊಸ ತುಂಡಿನ ಪಕ್ಕ ಇಟ್ಟು ನೋಡಿದರೆ ಉತ್ತರ ಸಿಕ್ಕಿತು. ಅದಿರಿನ ಲಾರಿ ಓಡಾಡುವ ರಸ್ತೆಯಲ್ಲಿ ಅಂಗಿಯ ಕಾಲರ್ ಯಾವ ಬಣ್ಣಕ್ಕೆ ತಿರುಗುತ್ತದೋ ನನ್ನ ಬಿಳಿ ಫೋಮೂ ಅದೇ ಬಣ್ಣಕ್ಕೆ ತಿರುಗಿತ್ತು. ದಿನಾ ನೋಡುವ ಕಣ್ಣಿಗೆ ಅದು ಬಿಳಿಯೇ. ಸೋಪಿನ ನೀರಿನಲ್ಲಿ ತೊಳೆದೆ, ಹೋಯಿತು. ಬಟರ್ ಪೇಪರ್ ಆದರೆ ತೊಳೆಯಲಾಗದು, ಬದಲಿಸಿ. ಹಾಲಿನ ಪ್ಯಾಕೆಟ್‌ನವರು ಹಿಂಬದಿಯ ಪ್ರಿಂಟ್‌ನ ಬಣ್ಣ ತೂರಿ ಬರುತ್ತಿದೆಯಾ ಅಂತ ಬಿಸಿಲಿಗೆ ಹಿಡಿದು ನೋಡಿ. ಬರುತ್ತದೆ, ನನಗೆ ಬಂದಿತ್ತು.

ಹುಳುವಿನ ಹೊಟ್ಟೆ ಮಾತ್ರ ಹಸಿರು, ಬೆನ್ನು ಸರಿ ಇದೆ ಅಂದರೆ ಡಿಫ್ಯೂಸರ್ ನಿರಪರಾಧಿ. ಅದು ಕೆಳಗಿನ ಎಲೆಗೆ ಬಡಿದು ವಾಪಸ್ ಬಂದ ಬೆಳಕು. ಒಂದು ಬಿಳಿ ಚೀಟಿಯನ್ನು ಹುಳುವಿನ ಕೆಳಗೆ ಚೌಕಟ್ಟಿನ ಹೊರಗೆ ಹಿಡಿದರೆ ಹಸಿರೂ ಹೋಗುತ್ತದೆ, ಹೊಟ್ಟೆಯ ಕತ್ತಲೂ ಕಡಿಮೆಯಾಗುತ್ತದೆ.

ಹಿನ್ನೆಲೆ ಕಪ್ಪಾಗಿ, ನಡುರಾತ್ರಿ ತೆಗೆದ ಹಾಗೆ ಬರುವುದನ್ನೂ ಜನ ಡಿಫ್ಯೂಸರ್ ಮೇಲೆ ಹಾಕುತ್ತಾರೆ. ದೂರ ಎರಡರಷ್ಟಾದರೆ ಫ್ಲ್ಯಾಶ್ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಹುಳು 10 ಸೆಂ.ಮೀ. ದೂರದಲ್ಲಿ, ಹಿಂದಿನ ಪೈರು ಮೀಟರ್ ಆಚೆ ಇದ್ದರೆ ಅಲ್ಲಿಗೆ ಬೆಳಕು ಮುಟ್ಟುವುದೇ ಇಲ್ಲ. ಹುಳುವಿನ ಹಿಂದೆ ಒಂದು ಎಲೆ ಹತ್ತಿರ ತನ್ನಿ.

ಬಿಸಿಲಿಗೆ ಬಿಚ್ಚಿಕೊಳ್ಳುವ ಅಂಟು

ನಮ್ಮ ಕಡೆ ಬೇಸಿಗೆ ಗೊತ್ತಲ್ಲ. ಬೈಕಿನ ಡಿಕ್ಕಿಯಲ್ಲಿ ಮಧ್ಯಾಹ್ನ ಇಟ್ಟರೆ ಗ್ಲೂ ಗನ್‌ನ ಅಂಟು ಮೆತ್ತಗಾಗಿ ಜಾರುತ್ತದೆ, ಸೆಲ್ಲೋ ಟೇಪ್ ಸುರುಳಿ ಸುತ್ತಿಕೊಳ್ಳುತ್ತದೆ. ಲಾಳಿಕೆ ಎರಡು ಸೆಂ.ಮೀ. ಕೆಳಗೆ ವಾಲಿದರೂ ಬೆಳಕು ಹುಳುವಿನ ಮೇಲೆ ಸರಿಯಾಗಿ ಬೀಳುವುದಿಲ್ಲ. ನಿನ್ನೆ ಸರಿ ಇತ್ತು, ಇವತ್ತು ಇಲ್ಲ ಅನ್ನುವ ದೋಷಕ್ಕೆ ಬಹುಮಟ್ಟಿಗೆ ಇದೇ ಕಾರಣ. ಅಂಟು ಬಿಟ್ಟು ಹೊಲಿಗೆ ಹಾಕಿ. ಚಾರ್ಟ್ ಪೇಪರ್‌ಗೆ ಸೂಜಿ ದಾರ ಚೆನ್ನಾಗಿಯೇ ಹಿಡಿಯುತ್ತದೆ. ಫ್ಲ್ಯಾಶ್‌ಗೆ ಸಿಕ್ಕಿಸಲು ಬ್ಯಾಗ್ ಹೊಲಿಯುವವರ ಹತ್ತಿರ ವೆಲ್ಕ್ರೋ ಪಟ್ಟಿ ಸಿಗುತ್ತದೆ, ಅರ್ಧ ಮೀಟರ್ ಸಾಕು. ಮಕ್ಕಳ ಜಡೆಯ ರಬ್ಬರ್ ಬ್ಯಾಂಡ್ ಕೂಡ ನಡೆಯುತ್ತದೆ, ಮನೆಯಲ್ಲಿ ಬೈಸಿಕೊಳ್ಳುವ ಧೈರ್ಯ ಇದ್ದರೆ.

ಅಗಲ ಬಾಯಿ ಮಾಡಿದವರಿಗೆ ಇನ್ನೊಂದು ತೊಂದರೆ ಇದೆ. ಭತ್ತದ ಬುಡಕ್ಕೆ ಬಗ್ಗಿದಾಗ ಲಾಳಿಕೆಯ ಅಂಚು ಮೇಲಿನ ಎಲೆಗೆ ತಾಗುತ್ತದೆ, ಪೈರು ಅಲುಗುತ್ತದೆ, ಜಿಗಿ ಹುಳು ಕಾಂಡದ ಆ ಬದಿಗೆ ಸರಿದು ಕೂರುತ್ತದೆ. ನೀವು ಸುತ್ತಿ ಹೋದರೆ ಅದೂ ಸುತ್ತುತ್ತದೆ. ಗದ್ದೆ ಕೆಲಸಕ್ಕೆ ನಾನು ಬಾಯಿಯನ್ನು 14 ಸೆಂ.ಮೀ.ಗೆ ಇಳಿಸಿ ಇನ್ನೊಂದು ಫೋಮ್ ಮುಚ್ಚಳ ಮಾಡಿಕೊಂಡೆ. ಹೊಳಪು ಸ್ವಲ್ಪ ಜಾಸ್ತಿಯಾಯಿತು, ಆದರೆ ಹುಳು ಕೂತಲ್ಲೇ ಕೂತಿತು.

ಜೂಮ್ 24, ಫಲಕ ಮುಂದೆ, ಗುಂಡಿನಲ್ಲಿ ಬೆಳಕು ಸಮ. ಇಷ್ಟು ನೋಡಿಕೊಂಡು ಅದೇ ಗದ್ದೆಗೆ ಮತ್ತೆ ಹೋದೆ. ಈ ಸಲ ಫೋಟೋದಲ್ಲಿ ಬೆನ್ನು ಪೂರ್ತಿ ಕಂದು, ರೆಕ್ಕೆಯ ನರಗಳೂ ಎಣಿಸುವ ಹಾಗೆ ಬಂದವು. ಮೊಬೈಲ್‌ಗೆ ಹಾಕಿ ತೋರಿಸಿದೆ.

"ಹೋದ ಸಲ ಬಿಳಿ ಬೆನ್ನಿಂದು ಅಂದಿದ್ದಿ?"

"ಅದು ನನ್ನ ಫ್ಲ್ಯಾಶ್ ತಪ್ಪು ಅಣ್ಣಾ. ಇದು ಕಂದು ಜಿಗಿ ಹುಳನೇ ಇದ್ದಂಗೈತಿ."

"ಹಂಗಾದ್ರ ಔಷಧ ಏನ್ ಹೊಡೀಲಿ?"

"ಅದನ್ನ ರೈತ ಸಂಪರ್ಕ ಕೇಂದ್ರದಾಗ ಈ ಫೋಟೋ ತೋರಿಸಿ ಕೇಳ್ರಿ. ನಾ ಬರೇ ಫೋಟೋದಾವ."